ಬಾಗಿಲು ಓಣಿಯ ಕಡೆಗೆ

ಪಿಂಚಣಿ ಬರುವವರು ಹಿತ್ತಲಲ್ಲಿ ತಗಡಿನ ಶೆಡ್ಡು ಹಾಕಿಕೊಂಡು, ಲೇಥಿನ ಮುಂದೆ ನಿಂತು ಕಟ್ಟಿಗೆ ತಿರುವಿ ಸುಖಪಟ್ಟರೆ ಅದು ಕಾಯಕವಾಗುತ್ತದೆಯೇ? ಮಹಾರಾಷ್ಟ್ರದ ಗಡಿಯಲ್ಲಿರುವ ಉಮರ್ಗಾದ ನಮ್ಮ ಓಣಿಯಲ್ಲಿ ಹುಣ್ಣಿವೆಗೊಮ್ಮೆ ನಾಲ್ಕೈದು ಮನೆಯವರು ಕೂಡಿ ವಚನ ಓದುತ್ತೇವೆ. ಅಲ್ಲಿ ಹಿರಿಯ ಮಾಸ್ತರರೊಬ್ಬರು ಎಲ್ಲರ ಎದುರೇ ಅಂದರು: "ಬಾಯಿ, ಸಿಟ್ಟಿಗೇಳಬ್ಯಾಡ್ರಿ. ನೀವು ಮಾಡ್ಲಾಕತ್ತಿದ್ದು ಹವ್ಯಾಸ. ಹೊಟ್ಟಿಗಲ್ಲದ ದುಡಿಮಿಗಿ ಕಾಯಕ ಅಂತ ಹೆಸರಿಡಬ್ಯಾಡ್ರಿ." ನನಗೆ ಸಿಟ್ಟು ಬರಲಿಲ್ಲ. ಕಾಯಕ ಎಂಬ ಮಾತನ್ನು ಇವತ್ತು ಕಾರ್ಖಾನೆಯ ಗೋಡೆಯಿಂದ ಹಿಡಿದು ಬ್ಯಾಂಕಿನ ಕ್ಯಾಲೆಂಡರಿನವರೆಗೆ ಎಲ್ಲೆಲ್ಲೂ ಬರೆದು ಸವೆಸಿದ್ದಾರೆ. ಅದನ್ನು ಕಾಯಬೇಕು ಎನ್ನುವವರು ಒಬ್ಬರಾದರೂ ಓಣಿಯಲ್ಲಿ ಇರಲೇಬೇಕು. ಆದರೆ ಅವರು ಗೆರೆ ಎಳೆದ ಜಾಗ ಸರಿಯಲ್ಲ ಎಂದು ನನಗೆ ಅನ್ನಿಸುತ್ತದೆ. ಯಾಕೆ ಎಂದು ಹೇಳಬೇಕಾದರೆ ನನ್ನ ಅಪ್ಪನಿಂದಲೇ ಶುರು ಮಾಡಬೇಕು.

ಅಪ್ಪ ಬಡಿಗ. ನೇಗಿಲು, ಕುಂಟಿ, ಕೂರಿಗೆ, ಬಂಡಿಯ ಗಾಲಿ ಅವನ ಮುಖ್ಯ ಕೆಲಸ. ಬಿಡುವಾದಾಗ ಖರಾದಿಯ ಮೇಲೆ ಲಟ್ಟಣಿಗೆ, ಕಡಗೋಲು, ತೊಟ್ಟಿಲ ಕಾಲು. ನೆಲದಲ್ಲಿ ನೆಟ್ಟ ಎರಡು ಗೂಟಗಳ ನಡುವೆ ಎರಡು ಮೊನೆ, ಮೊನೆಗಳ ನಡುವೆ ಕಟ್ಟಿಗೆ, ಕಟ್ಟಿಗೆಗೆ ಎರಡು ಸುತ್ತು ಸುತ್ತಿದ ಹಗ್ಗ. ಹಗ್ಗದ ಎರಡೂ ತುದಿ ಹಿಡಿದು ಎದುರಿಗೆ ಕೂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಗ್ಗುವವಳು ನಾನು. ಕಟ್ಟಿಗೆ ಅಪ್ಪನ ಕಡೆಗೆ ತಿರುಗಿದಾಗ ಮಾತ್ರ ಉಳಿ ಕಚ್ಚುತ್ತದೆ. ಹಿಂದಕ್ಕೆ ತಿರುಗುವಾಗ ಅವನು ಉಳಿಯನ್ನು ಕೂದಲೆಳೆಯಷ್ಟು ಎತ್ತಬೇಕು. ಹೀಗೆ ಅರ್ಧ ಹೊತ್ತು ಕೆಲಸ, ಅರ್ಧ ಹೊತ್ತು ಬರಿದೆ. ನನ್ನ ಜಗ್ಗು ಒಂದು ಬಾರಿ ಮೆತ್ತಗಾದರೂ ಲಟ್ಟಣಿಗೆಯ ಮೇಲೆ ಗೀರು ಬೀಳುತ್ತಿತ್ತು. ಉಳಿ ಹಿಡಿಯುವುದನ್ನು ಅಣ್ಣ ಕಲಿತ. ನನಗೆ ಹಗ್ಗವೇ. ಹೆಣ್ಣುಮಕ್ಕಳು ಉಳಿ ಹಿಡಿಯುವ ಪದ್ಧತಿ ಇರಲಿಲ್ಲ, ಹಿಡಿಯುತ್ತೇನೆ ಎಂದು ಕೇಳುವ ಪದ್ಧತಿಯೂ ಇರಲಿಲ್ಲ.

ಸುಗ್ಗಿಯಾದ ಮೇಲೆ ಅಪ್ಪ ಚೀಲ ಹೊತ್ತು ಕಣದಿಂದ ಕಣಕ್ಕೆ ಹೋಗುತ್ತಿದ್ದ. ಜೋಳದ ರಾಶಿಯಲ್ಲಿ ಬಡಿಗನ ಪಾಲು ಇಷ್ಟು, ಕಂಬಾರನ ಪಾಲು ಇಷ್ಟು ಎಂದು ಮೊದಲೇ ನಿಂತಿರುತ್ತಿತ್ತು. ಆಯ ಅನ್ನಿ, ಮರಾಠಿಯವರಂತೆ ಬಲುತೆ ಅನ್ನಿ. ಅದರ ನಡುವೆ ಒಂದು ಮಾತು ಮುಚ್ಚಿಹೋಗಿರುತ್ತದೆ: ಬಡಿಗ ಒಲ್ಲೆ ಎನ್ನುವಂತಿಲ್ಲ. ಗೌಡರ ಕೂರಿಗೆ ಮೊದಲು, ಉಳಿದವರದು ಆಮೇಲೆ. ಅಪ್ಪ ಹೊಟ್ಟೆಗಾಗಿಯೇ ದುಡಿದ, ಮೈಮುರಿದು ದುಡಿದ. ಮಾಸ್ತರರ ಅಳತೆಗೆ ಹಿಡಿದರೆ ಅದು ನೂರಕ್ಕೆ ನೂರು ಕಾಯಕ. ನನಗೆ ಹಾಗೆ ಕಾಣುವುದಿಲ್ಲ. ಹುಟ್ಟಿನ ಕಾರಣಕ್ಕೆ ಕೈಗೆ ಬಂದ, ಒಲ್ಲೆ ಎನ್ನಲಾಗದ ದುಡಿಮೆ ಎಷ್ಟು ಚೊಕ್ಕವಾಗಿದ್ದರೂ ಅದಕ್ಕೆ ಬೇರೆ ಹೆಸರು ಬೇಕು.

ವಚನಕಾರರ ಕಲ್ಯಾಣ ನಮಗೆ ದೂರದ ಕ್ಷೇತ್ರವಲ್ಲ. ಸೋಲಾಪುರ–ಹೈದರಾಬಾದ್ ಹೆದ್ದಾರಿ ಹಿಡಿದರೆ ಗಡಿಯಾಚೆ ಹತ್ತಿರದಲ್ಲೇ ಬಸವಕಲ್ಯಾಣ. ಉದಗೀರ, ನಿಲಂಗಾ 1956ರವರೆಗೆ ಬೀದರ ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದವು. ನಕಾಶೆಯ ಮೇಲೆ ಗೆರೆ ಬಿತ್ತು. ಸೋಯರಿಕೆ, ಸಂತೆ, ಅಡುಗೆಮನೆಯ ಮಾತು ಗೆರೆ ದಾಟಿಕೊಂಡೇ ಉಳಿದವು. ನಾನು ಇಡೀ ನೌಕರಿ ಮರಾಠಿ ಶಾಲೆಯಲ್ಲಿ ಮುಗಿಸಿದೆ, ವಚನ ಓದಿದ್ದು ಮನೆಯ ಕನ್ನಡದಲ್ಲಿ. ಹನ್ನೆರಡನೆಯ ಶತಮಾನದ ಆ ಊರಿನಲ್ಲಿ ಬಾಚಿ ಹಿಡಿದು ದುಡಿಯುತ್ತಿದ್ದ ಬಾಚಿಕಾಯಕದ ಬಸವಣ್ಣನೂ ಅವನ ಹೆಂಡತಿ ಕಾಳವ್ವೆಯೂ ವಚನ ಬರೆದರು. ಬಾಚಿ ಅದೇ ಬಾಚಿ, ನನ್ನ ಅಪ್ಪನದಕ್ಕಿಂತ ಬೇರೆಯಲ್ಲ. ಬದಲಾದದ್ದು ಹಿಡಿದವರ ನಿಲುವು. ದುಡಿದದ್ದರಲ್ಲಿ ತನಗೆಷ್ಟು ಸಾಕು, ಉಳಿದದ್ದು ಯಾರ ಕಡೆಗೆ ಹೋಗಬೇಕು ಎಂದು ತೀರ್ಮಾನಿಸುವವರು ಅವರೇ ಆದರು.

ಅದನ್ನು ಎಲ್ಲರಿಗಿಂತ ಗಟ್ಟಿಯಾಗಿ ತೋರಿಸಿದವಳು ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಅದರಿಂದಲೇ ದಾಸೋಹ ನಡೆಯುತ್ತಿತ್ತು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ಅವಳು ಗಂಡನನ್ನು ತಿರುಗಿ ಕಳಿಸಿದಳು. ಬಡವಳ ಮನೆಗೆ ಬಂದ ಅಕ್ಕಿ ಅದು! ಹೊಟ್ಟೆಯೇ ಕಾಯಕದ ಅಳತೆಯಾಗಿದ್ದರೆ ಆ ಅಕ್ಕಿ ಒಳಗೆ ಹೋಗುತ್ತಿತ್ತು. ಹಸಿವಿದ್ದವರು ದುಡಿದರು ಎಂಬುದು ಲಕ್ಕಮ್ಮನ ಕಥೆಯ ಜೀವವಲ್ಲ. ಸಾಕು ಎಂಬ ಮಾತು ದುಡಿದವರ ಬಾಯಿಂದಲೇ ಬಂದದ್ದು ಅದರ ಜೀವ. ಮಾಸ್ತರರಿಗೆ ನಾನು ಹೇಳಿದ್ದೂ ಇಷ್ಟೇ. ಪಿಂಚಣಿ ನನಗೆ ಸಾಕು. ಹಾಗಾದರೆ ಲೇಥಿನಿಂದ ಇಳಿಯುವ ಪ್ರತಿಯೊಂದು ಸಾಮಾನೂ ಆ ಹೆಚ್ಚಿನ ಅಕ್ಕಿಯೇ. ನನ್ನ ಕೆಲಸ ಕಾಯಕವೋ ಅಲ್ಲವೋ ಎಂಬುದು ಅದು ಹೋಗಿ ಸೇರುವ ಕಡೆಯ ಮೇಲೆ ನಿಂತಿದೆ.

ಶೆಡ್ಡು ಕಟ್ಟುವಾಗ ಈ ಮಾತು ಅಳತೆಪಟ್ಟಿಗೇ ಬಂದು ಕೂತಿತು. ಹತ್ತು ಅಡಿ ಅಗಲ, ಹದಿನಾಲ್ಕು ಅಡಿ ಉದ್ದ. ನಮ್ಮದು ಎರೆಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಕಂಬ ನಿಲ್ಲಿಸಿದರೆ ಎರಡು ವರ್ಷಕ್ಕೆ ಬಾಗಿಲು ಕಚ್ಚಿಕೊಳ್ಳುತ್ತದೆ. ಮುರುಮು ಸಿಗುವವರೆಗೆ ತೋಡಿಸಿ ಕಾಂಕ್ರೀಟು ಹಾಕಿಸಿದೆ. ಲೇಥ್ ಕೂರುವ ಕಡೆ ಬೇರೆಯೇ ಗಟ್ಟಿ ಕಟ್ಟೆ, ಅದರಲ್ಲಿ ಬೋಲ್ಟು ಹೂತದ್ದು. ಕಂಬಕ್ಕೆ ಚೌಕ ಪೈಪು, ಮೂಲೆಮೂಲೆಗೆ ಓರೆ ಪಟ್ಟಿ. ಮೇಲೆ ಬಣ್ಣದ ತಗಡು. ಗೋಡೆಗೂ ಚಾವಣಿಗೂ ನಡುವೆ ಗಾಳಿಗೆ ಗೇಣು ಸಂದು. ಬೇವಿನ ನೆರಳು ಮಧ್ಯಾಹ್ನ ಅದರ ಮೇಲೆ ಬೀಳದಿದ್ದರೆ ಮೇ ತಿಂಗಳಲ್ಲಿ ಒಳಗೆ ನಿಲ್ಲಲು ಆಗುವುದಿಲ್ಲ. ತಗಡಿನ ಮನೆಗೆ ಕರೆಂಟು ಎಳೆಯುವ ಮೊದಲು ಅರ್ತಿಂಗ್. ವೆಲ್ಡಿಂಗ್ ಪೂರ್ತಿ ಮುಗಿದು ನೆಲ ಗುಡಿಸುವವರೆಗೆ ಒಂದು ಚಕ್ಕೆ ಕಟ್ಟಿಗೆಯೂ ಒಳಗೆ ಬರಕೂಡದು, ಒಂದು ಕಿಡಿ ಸಾಕು. ಇಷ್ಟೆಲ್ಲ ವೆಲ್ಡರ್ ಹುಡುಗನಿಗೇ ಗೊತ್ತಿತ್ತು. ಅವನು ನನ್ನನ್ನು ಕೇಳಿದ್ದು ಒಂದೇ: "ಬಾಗಲಾ ಯಾಕಡಿ ಇಡ್ಲಿ, ಬಾಯಿ?"

ಅಡುಗೆಮನೆಯ ಕಡೆ ಇಟ್ಟರೆ ನನಗೆ ಅನುಕೂಲ. ಚಹಾ ಕೈಗೆ ಸಿಗುತ್ತದೆ, ಧೂಳು ಓಣಿಗೆ ಹೋಗುವುದಿಲ್ಲ, ಯಾರೂ ಬಂದು ಮಾತಿಗೆ ನಿಲ್ಲುವುದಿಲ್ಲ. ಅಪ್ಪನ ಖರಾದಿಗೆ ಇಬ್ಬರು ಬೇಕಿತ್ತು. ಅರ್ಧ ಎಚ್‌ಪಿ ಮೋಟಾರಿನ ಲೇಥಿಗೆ ಹಗ್ಗ ಜಗ್ಗುವವರು ಬೇಡ. ಕಟ್ಟಿಗೆ ಒಂದೇ ಕಡೆಗೆ ಬಿಡುವಿಲ್ಲದೆ ತಿರುಗುತ್ತದೆ. ಒಬ್ಬಳೇ ಒಳಗೆ ಸೇರಿ ಕದ ಹಾಕಿಕೊಂಡರೆ ಸಂಜೆಯವರೆಗೆ ಲೋಕದ ಹಂಗಿಲ್ಲ. ಆ ಒಂಟಿತನದ ರುಚಿ ನನಗೆ ಗೊತ್ತು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಬೇಡುವವರಿಗೆ ಕಾಣದ ಕಡೆ ಇಟ್ಟ ಅಕ್ಕಿ ದಾಸೋಹಕ್ಕೆ ಒದಗುವುದಿಲ್ಲ. ಓಣಿಯ ಕಡೆಗೇ ಇಡು, ನಾಲ್ಕು ಅಡಿ ಅಗಲ ಇರಲಿ ಎಂದೆ.

ತಗಡಿನ ಬಗ್ಗೆ ಇನ್ನೊಂದು ಮಾತು ಹೇಳಬೇಕು. ನಮ್ಮ ಸೀಮೆಯವರಿಗೆ ತಗಡಿನ ಶೆಡ್ಡು ಎಂದರೆ ಬರೀ ಅಗ್ಗದ ಕಟ್ಟಡವಲ್ಲ. 1993ರ ಸೆಪ್ಟೆಂಬರ್ 30, ಗಣಪತಿ ಕಳಿಸಿ ಬಂದು ಮಲಗಿದ ಜನ ಬೆಳಗಿನ ನಾಲ್ಕರ ಹೊತ್ತಿಗೆ ಭೂಕಂಪವಾಗಿ ಮಣ್ಣಿನಡಿ ಇದ್ದರು. ಔಸಾ ತಾಲ್ಲೂಕಿನ ಕಿಲ್ಲಾರಿ, ಆಗ ನಮ್ಮದೇ ಉಮರ್ಗಾ ತಾಲ್ಲೂಕಿನಲ್ಲಿದ್ದ ಸಾಸ್ತೂರು, ಸುತ್ತಲಿನ ಹಳ್ಳಿಗಳು; ಹತ್ತು ಸಾವಿರದ ಹತ್ತಿರ ಜೀವ. ಕೊಂದದ್ದು ಮಾಳಿಗೆ ಮನೆ. ಕೆಸರಿನಲ್ಲಿ ಕೂಡಿಸಿದ ದಪ್ಪ ಕಲ್ಲುಗೋಡೆ, ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣು. ಸೋರದಿರಲಿ ಎಂದು ಮಳೆಗಾಲಕ್ಕೆ ಮೊದಲು ವರ್ಷವರ್ಷವೂ ಇನ್ನೊಂದು ಪದರ. ಅಜ್ಜ ಹಾಕಿದ್ದರ ಮೇಲೆ ಅಪ್ಪ, ಅಪ್ಪನದರ ಮೇಲೆ ಮಗ. ಬೇಸಿಗೆಯಲ್ಲಿ ಅಂಥ ತಂಪು ಬೇರೆಲ್ಲೂ ಇಲ್ಲ. ಆ ರಾತ್ರಿ ಅದೇ ತಂಪು ಮೈಮೇಲೆ ಬಿತ್ತು. ಉಳಿದವರಿಗೆ ಮೊದಲ ನೆರಳಾಗಿ ಸಿಕ್ಕದ್ದು ತಗಡು. ಇಂದಿಗೂ ಸಿಮೆಂಟಿನ ಮನೆ ಬಿಟ್ಟು ಅಂಗಳದ ತಗಡಿನಡಿ ಮಲಗುವ ಮುದುಕರನ್ನು ನಾನು ಬಲ್ಲೆ.

ನಿಲಂಗಾ ಕಡೆಯ ಹಳ್ಳಿಯೊಂದರಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಂಥ ಮನೆಯ ಸಾಗವಾನಿ ತೊಲೆಯ ತುಂಡನ್ನು ಟೆಂಪೋದಲ್ಲಿ ಹಾಕಿ ಕಳಿಸಿದಳು. ಹೊಸ ಊರಿಗೆ ಬರುವಾಗ ಹೊತ್ತು ತಂದು ಹಿತ್ತಲಲ್ಲಿ ಒಗೆದದ್ದು. ಆ ಮನೆಯಲ್ಲಿ ಅವಳ ಅತ್ತೆ ತೀರಿಕೊಂಡಿದ್ದರು. "ಸುಡಾಕೂ ಮನಸ್ಸಾಗ್ಲಿಲ್ಲ, ಮನ್ಯಾಗ ಇಟ್ಕೊಳ್ಳಾಕೂ ಆಗ್ಲಿಲ್ಲ, ನೀವು ಏನರ ಮಾಡ್ರಿ" ಎಂದಳು. ಅಶುಭ, ಮುಟ್ಟಬೇಡಿ ಎಂದವರಿದ್ದರು. ಶುಭಾಶುಭದ ಗಂಟನ್ನು ಕಲ್ಯಾಣದವರು ಕಳಚಿಟ್ಟು ಎಂಟು ಶತಮಾನ ದಾಟಿದವು. ನಾವು ಇನ್ನೂ ಕಂಕುಳಲ್ಲಿ ಇಟ್ಟುಕೊಂಡೇ ಓಡಾಡುತ್ತೇವೆ. ತೊಲೆ ಏನು ಮಾಡೀತು? ತನ್ನ ಮೇಲೆ ಹೇರಿದ್ದನ್ನು ಹೊರುವಷ್ಟು ದಿನ ಹೊತ್ತಿತು.

ಹಳೆಯ ತೊಲೆಯಲ್ಲಿ ಮೊಳೆ ಅಡಗಿರುತ್ತವೆ. ಉಳಿಗೆ ತಾಗಿದರೆ ಬಾಯಿ ಹೋಗುತ್ತದೆ, ಕಣ್ಣಿಗೂ ಅಪಾಯ. ಅಯಸ್ಕಾಂತ ಆಡಿಸಿ ಒಂದೊಂದಾಗಿ ಕಿತ್ತೆ. ಮೇಲೆ ಬೂದಿ ಬಣ್ಣ, ಕೈಗೆ ಬರುವುದು ಧೂಳು. ಗುಂಡುಬಾಯಿಯ ಉಳಿ ಎರಡು ಸುತ್ತು ಒಳಗೆ ಹೋದದ್ದೇ ತಡ, ಜೇನಿನ ಬಣ್ಣ, ಎಣ್ಣೆಯ ಘಾಟು, ಉದ್ದುದ್ದ ಸಿಂಬೆ ಸುತ್ತಿ ಮುಂಗೈ ಮೇಲೆ ಬೀಳುವ ಸಿಪ್ಪೆ. ಅದರಿಂದ ಆ ವಿದ್ಯಾರ್ಥಿನಿಗೆ ಇಷ್ಟಲಿಂಗದ ಕರಡಿಗೆ ಮಾಡಿದೆ. ಕರಡಿಗೆಯಲ್ಲಿ ಕಷ್ಟವಿರುವುದು ಮುಚ್ಚಳದಲ್ಲಿ. ಎಳೆದರೆ ಬರಬೇಕು, ತಾನಾಗಿ ಬಿಚ್ಚಬಾರದು. ಶ್ರಾವಣದ ತೇವದಲ್ಲಿ ಬಿಗಿಯಾಗಿ ಕೂತದ್ದು ಬೇಸಿಗೆಯ ಒಣಹವೆಗೆ ಸಡಿಲಾಗುತ್ತದೆ. ಅದಕ್ಕೇ ಒಳಭಾಗ ಒರಟಾಗಿ ತೆಗೆದು ಕೆಲವು ವಾರ ಬಿಟ್ಟು, ಕಟ್ಟಿಗೆ ತನ್ನ ಆಕಾರಕ್ಕೆ ನಿಂತ ಮೇಲೆ ಕೊನೆಯ ಅಳತೆ. ಅವಳು ಈಗ ದಿನಾ ಪೂಜೆಗೆ ಅದನ್ನೇ ತೆಗೆಯುತ್ತಾಳೆ.

ಹಾಗೆ ಕಟ್ಟಿಗೆ ತಿರುವುವ ಹೊತ್ತಿನ ಸುಖ ದೊಡ್ಡದು, ಅದನ್ನು ನಾನು ಬಚ್ಚಿಡುವುದಿಲ್ಲ. ನುಲಿಯ ಚಂದಯ್ಯ ಹಗ್ಗಕ್ಕೆಂದು ಹುಲ್ಲು ಕೊಯ್ಯುವಾಗ ಲಿಂಗ ನೀರಿಗೆ ಬಿದ್ದರೂ ತಿರುಗಿ ನೋಡದೆ ಕೆಲಸ ಮುಂದುವರಿಸಿದ ಎಂಬ ಕಥೆ ಹೇಳಿ, ಕಾಯಕವೆಂದರೆ ಕಠೋರವೇ ಆಗಿರಬೇಕು ಎನ್ನುವವರಿದ್ದಾರೆ. ನಾನು ಅವರಿಗೆ ಕದಿರೆ ರೆಮ್ಮವ್ವೆಯನ್ನು ತೋರಿಸುತ್ತೇನೆ. ತನ್ನ ರಾಟೆಯ ಅಡಿಹಲಗೆಯಲ್ಲಿ ಬ್ರಹ್ಮನನ್ನೂ ತೋರಣದಲ್ಲಿ ವಿಷ್ಣುವನ್ನೂ ನಿಂತ ಬೊಂಬೆಯಲ್ಲಿ ರುದ್ರನನ್ನೂ ಕಂಡವಳು ಅವಳು. ರಾಟೆಯನ್ನು ಪ್ರೀತಿಸದವರು ಅದರ ಒಂದೊಂದು ತುಂಡನ್ನೂ ಹಾಗೆ ನೋಡಲಾರರು. ನೂಲು ಮಾರಿ ಬದುಕಿದವಳಿಗೂ ಆ ಸುಖ ಇತ್ತು. ಸುಖ ಇದೆ ಎಂಬ ಕಾರಣಕ್ಕೆ ಕೆಲಸ ಕಾಯಕದಿಂದ ಕೆಳಗಿಳಿಯುವುದಿಲ್ಲ.

ನನ್ನನ್ನು ನಿಜವಾಗಿ ಕಾಡಿದ್ದು ಬೇರೆ. ಬಾಗಿಲು ತೆರೆದಿಟ್ಟ ಮೇಲೆ ಜನ ಬಂದರು, ಲಟ್ಟಣಿಗೆ ಕೇಳಿದರು. ಪುಕ್ಕಟೆ ಕೊಡಬಹುದು, ಅಕ್ಕಿ ಸುರಿದಂತೆಯೇ ಅಲ್ಲವೇ? ಆದರೆ ಉದಗೀರದ ಬಜಾರಿನಲ್ಲಿ ಲಟ್ಟಣಿಗೆ, ಪೋಳಪಾಟ ಮಾರಿ ಮನೆ ನಡೆಸುವ ಖರಾದಿಯವರಿದ್ದಾರೆ. ಪಿಂಚಣಿಯ ಬಲದ ಮೇಲೆ ನಾನು ಹಂಚುವ ಪ್ರತಿ ಲಟ್ಟಣಿಗೆ ಅವರ ಮಕ್ಕಳ ತಾಟಿನಿಂದ ಎತ್ತಿದ್ದು. ಲಕ್ಕಮ್ಮ ಹೆಚ್ಚಿನ ಅಕ್ಕಿಯನ್ನು ತಾನೇ ಯಾರಿಗೋ ದಾನ ಮಾಡಿ ಹೆಸರು ಪಡೆಯಲಿಲ್ಲ; ಎಲ್ಲಿಂದ ಬಂತೋ ಅಲ್ಲಿಗೇ ಕಳಿಸಿದಳು. ಈ ಒಂದು ಸೂಕ್ಷ್ಮವನ್ನು ನಾವು ದಾಸೋಹದ ಭಾಷಣಗಳಲ್ಲಿ ಮರೆಯುತ್ತೇವೆ. ದಾನಿಗೆ ಪುಣ್ಯ, ದುಡಿಯುವವನಿಗೆ ಗಿರಾಕಿ ನಷ್ಟ ಎಂದಾದರೆ ಅದು ದಾಸೋಹವಲ್ಲ.

ಹಾಗಾಗಿ ಬಜಾರಿನಲ್ಲಿ ಸಿಗುವುದನ್ನು ನಾನು ಮಾಡುವುದಿಲ್ಲ. ತೊಟ್ಟಿಲ ಒಂದು ಕಾಲು ಮುರಿದದ್ದು, ಮುದುಕಪ್ಪನ ಕೋಲಿಗೆ ಅವನ ಮುಷ್ಟಿಗೆ ಹೊಂದುವ ಹಿಡಿಕೆ, ಹಳೆಯ ಮಂಚದ ಗುಬ್ಬಿ, ಸಂಧಿವಾತದ ಬೆರಳಿಗೆ ದಪ್ಪ ಹಿಡಿಯ ಸೌಟು. ಅಂಗಡಿಯವನು ಒಂದಕ್ಕಾಗಿ ಮೆಷಿನ್ ಹಚ್ಚದ ಕೆಲಸಗಳು. ಹಗ್ಗ ಜಗ್ಗುವ ಕೆಲಸ ಈಗಿಲ್ಲ. ಓಣಿಯ ಹುಡುಗಿಯರು ಒಳಗೆ ಬಂದರೆ ಕನ್ನಡಕ ಹಾಕಿಸಿ, ಜಡೆ ಕಟ್ಟಿಸಿ, ಓಢಣಿ ತೆಗೆಸಿ ಉಳಿಯನ್ನೇ ಕೈಗೆ ಕೊಡುತ್ತೇನೆ.

ಮಾಸ್ತರರು ಇನ್ನೂ ಪೂರ್ತಿ ಒಪ್ಪಿಲ್ಲ. ರಿಪೇರಿಗೆ ಹಣ ತಗೊಳ್ಳಿ, ಹಣ ಬಂದರೆ ಕೆಲಸಕ್ಕೂ ಕೊಟ್ಟವರಿಗೂ ಮರ್ಯಾದೆ, ಆ ಹಣ ಆಮೇಲೆ ಎಲ್ಲಿ ಬೇಕೋ ಅಲ್ಲಿ ಹೋಗಲಿ ಎನ್ನುತ್ತಾರೆ. ಈ ಮಾತಿನಲ್ಲಿ ಅವರದೇ ಸರಿ ಎಂದು ನನಗೂ ಅನ್ನಿಸತೊಡಗಿದೆ. ಉದಗೀರದ ಒಬ್ಬ ಖರಾದಿಯವರು ತಮಗೆ ಪುರುಸೊತ್ತಿಲ್ಲದ ಬಿಡಿ ಕೆಲಸ ನನ್ನ ಕಡೆ ಕಳಿಸುತ್ತಾರೆ. ದರ ನೀವೇ ಹೇಳಿ, ನಿಮ್ಮಲ್ಲಿ ಕೆಲಸದವರಿಗೆ ಕೊಡುವಷ್ಟೇ ಗಿರಾಕಿಯಿಂದ ತಗೊಳ್ಳುತ್ತೇನೆ ಎಂದು ಅವರಿಗೆ ಹೇಳಿ ಕಳಿಸಿದ್ದೇನೆ.