ಸಾಲಿನಲ್ಲೊಂದು ಜಾಗ

ಮೆಲ್ಬರ್ನಿನ ಓಕ್ಲಿಯಲ್ಲಿ ಎಲ್ಲಿ ನೋಡಿದರೂ ಗ್ರೀಕ್ ಕೆಫೆ, ಗ್ರೀಕ್ ಮಾತು. ಅಲ್ಲಿನ ಒಂದು ಹಾಲ್‌ನಲ್ಲಿ ಗುರುವಾರ ಸಂಜೆ ದೊಡ್ಡವರಿಗೆ ಗ್ರೀಕ್ ಜಾನಪದ ನೃತ್ಯದ ಕ್ಲಾಸು. ನಮ್ಮ ಟೀಮಿನ ಗೆಳತಿ ನನ್ನನ್ನೂ ಎಳೆದುಕೊಂಡು ಹೋದಳು. ಅವಳಿಗೆ 42. ಹುಟ್ಟಿದ್ದು ಇಲ್ಲೇ, ಅಪ್ಪ ಮಾತ್ರ ಗ್ರೀಸಿನಿಂದ ಬಂದವರು.

"ಚಿಕ್ಕವಳಿದ್ದಾಗ ಕಲಿಯಲಿಲ್ವಾ?" ಅಂದೆ.

"ಪ್ರತಿ ಮದುವೇಲೂ ಅಪ್ಪ ಕೈ ಚಾಚೋರು. ನಂಗೆ ನಾಚಿಕೆ, ಓಡಿಬಿಡ್ತಿದ್ದೆ. ಹೋದ ವರ್ಷ ತೀರಿಕೊಂಡ್ರು."

ಅವತ್ತು ಕಲಿಸಿದ್ದು ಕಲಮತಿಯಾನೊಸ್. ಕೈ ಕೈ ಹಿಡಿದ ಸಾಲು, ಬಲಕ್ಕೆ ಸುತ್ತುತ್ತಾ 12 ಹೆಜ್ಜೆ. ತಾಳದಲ್ಲಿ 7 ಎಣಿಕೆ: ಮೂರು, ಎರಡು, ಎರಡು. ಅರೆ, ನಮ್ಮ ಮಿಶ್ರಛಾಪು! ಮನಸ್ಸಲ್ಲೇ 'ತಕಿಟ ತಕ ಧಿಮಿ' ಅಂದುಕೊಂಡೆ. ತಲೆಗೆ ಹತ್ತಿತು, ಕಾಲಿಗೆ ಹತ್ತಲಿಲ್ಲ.

ಫೀಸು ಕಟ್ಟಿ, ಹೆಜ್ಜೆ ಎಣಿಸಿ ಕಲಿತದ್ದು ಪರಂಪರೆ ಹೇಗಾಗುತ್ತೆ? ಹಳ್ಳಿಗಳಲ್ಲಿ ಮಕ್ಕಳು ಸಾಲಿನ ಬಾಲಕ್ಕೆ ಸೇರಿಕೊಂಡು ನೋಡಿ ನೋಡಿ ಕಲಿತವರು. ಆದರೆ 'ಅಸಲಿ' ಯಾವುದು ಅನ್ನೋದು ಗ್ರೀಸಿನಲ್ಲೇ ಸುಲಭದ ಪ್ರಶ್ನೆಯಲ್ಲ. ಜಗತ್ತೆಲ್ಲ ಗ್ರೀಕ್ ನೃತ್ಯ ಅಂತ ಗುರುತಿಸುವ ಸಿರ್ತಾಕಿ ಹುಟ್ಟಿದ್ದು 1964ರ 'ಝೋರ್ಬಾ ದ ಗ್ರೀಕ್' ಸಿನಿಮಾಕ್ಕಾಗಿ. ಹಾಗಾಗಿ ಆ ಪ್ರಶ್ನೆ ಬಿಟ್ಟೆ.

ಬಿಡಲಾಗದ ಪ್ರಶ್ನೆ ಬೇರೆ: ಅಪ್ಪ ಇಲ್ಲದ ಮೇಲೆ ಅವರ ಹೆಜ್ಜೆ ಕಲಿತರೆ ಯಾರಿಗೇನು ಸಿಕ್ಕಿತು? ಅವರಿಗಂತೂ ಏನೂ ಇಲ್ಲ. ತಲುಪುತ್ತೆ ಅಂತ ನಾನು ನಂಬಲ್ಲ. ಇದು ನಮ್ಮ ಪಶ್ಚಾತ್ತಾಪಕ್ಕೆ ನಾವೇ ಕೊಂಡ ಸಮಾಧಾನ ಅಂತ ಯಾರಾದರೂ ಅಂದರೆ ಜಗಳಕ್ಕೂ ಹೋಗಲ್ಲ.

ಆದರೂ ಸಾಲಲ್ಲಿ ನಿಂತಾಗ ಒಂದು ತಿಳಿಯಿತು. ನಾನು ತಪ್ಪಿದರೆ ಎಡ ಬಲದ ಇಬ್ಬರ ತೋಳೂ ಜಗ್ಗುತ್ತೆ. ಅವರು ಬಿಡಲ್ಲ, ಎಳೆದುಕೊಂಡೇ ಮುಂದೆ ಹೋಗ್ತಾರೆ. ಮುಂದಾಳು ಜಿಗಿದು ತಿರುಗುವಾಗಲೂ ಎರಡನೆಯವರು ಕೈಯನ್ನೋ ಕರ್ಚೀಫನ್ನೋ ಗಟ್ಟಿಯಾಗಿ ಹಿಡಿದಿರಬೇಕು. ಆ ಅಪ್ಪ ಮದುವೆಗಳಲ್ಲಿ ಕೇಳಿದ್ದು ಮಗಳ ಪ್ರದರ್ಶನವನ್ನಲ್ಲ. ಪಕ್ಕದಲ್ಲಿ ಜಾಗ ಮಾಡಿಕೊಟ್ಟಿದ್ದರು, ಅಷ್ಟೆ. ಜಾಗದ ಋಣ ಕೊಟ್ಟವರಿಗೇ ತೀರಬೇಕೆಂದಿಲ್ಲ. ಇನ್ನೊಬ್ಬರಿಗೆ ಜಾಗ ಬಿಟ್ಟರೂ ತೀರುತ್ತೆ. ಅವತ್ತು ಗೋಡೆಗೆ ಒರಗಿ ನಿಂತಿದ್ದ ನನಗೆ ಅವಳು ಕೈ ಚಾಚಿದ್ದಳು.

ನಮ್ಮೂರಲ್ಲಿ ಅಜ್ಜ ಕೋಲಾಟದ ಕೋಲು ಹಿಡಿದು ಕರೆದಾಗ ನಾನು "ಹೋಮ್‌ವರ್ಕ್ ಇದೆ" ಅಂದಿದ್ದೆ. ಆ ಕೋಲು ಇನ್ನೂ ಅಟ್ಟದ ಮೇಲಿದೆಯಾ ಅಂತ ಅಮ್ಮನ್ನ ಕೇಳಬೇಕು. ಮೂರು ವಾರದಿಂದ ಅಂದುಕೊಳ್ತಾನೇ ಇದ್ದೀನಿ.