ಬಗ್ಗುವ ಗಿಡ, ಬಗ್ಗಬೇಕಾದ ಮರ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?

ಮಗು ಹೇಳಿದ ಮಾತು ಕೇಳದಿದ್ದಾಗ ಹಿರಿಯರ ಬಾಯಿಗೆ ತಾನಾಗಿ ಬರುವ ಗಾದೆ ಇದು. ಬೆತ್ತಕ್ಕೆ ಸಿಕ್ಕ ಪರವಾನಗಿಯಂತೆ ಇದನ್ನು ಬಳಸಿದವರೇ ಹೆಚ್ಚು. ಆದರೆ ಗಾದೆಯ ಕ್ರಿಯಾಪದವನ್ನೊಮ್ಮೆ ನೋಡಿ. 'ಬಗ್ಗಿಸದ್ದು' ಎಂದಿಲ್ಲ, 'ಬಗ್ಗದ್ದು' ಎಂದಿದೆ. ಬಗ್ಗುವ ಕೆಲಸ ಗಿಡದ್ದೇ. ಕಿಟಕಿಯ ಬಳಿಯ ಕುಂಡದಲ್ಲಿರುವ ಸಸಿ ಕೆಲವೇ ದಿನಗಳಲ್ಲಿ ಬೆಳಕಿನತ್ತ ವಾಲುತ್ತದೆ. ಯಾರೂ ಅದನ್ನು ಹಿಡಿದು ತಿರುಚಿರುವುದಿಲ್ಲ. ಕುಂಡವನ್ನು ಎಲ್ಲಿಟ್ಟೆವು ಎಂಬುದಷ್ಟೇ ನಮ್ಮ ಪಾಲಿನದು.

ಮಗುವಿನ ಯೋಚನೆ ಬೆಳೆಯುವುದೂ ಹೀಗೆಯೇ. ಮೂರು ವರ್ಷದ ಮಗು 'ಅಣ್ಣ ನಂಗೆ ಚಾಕ್ಲೇಟ್ ಕೊಡಿದ' ಎಂದರೆ ಮನೆಮಂದಿ ನಗುತ್ತಾರೆ. ಆದರೆ 'ಕೊಡಿದ' ಎಂದು ಆ ಮನೆಯಲ್ಲಿ ಯಾರೂ ಆಡಿದ್ದಿಲ್ಲ. ಅದು ಕೇಳಿ ಕಲಿತ ಮಾತಲ್ಲ, ಲೆಕ್ಕ ಹಾಕಿ ಕಟ್ಟಿದ ಮಾತು. ನೋಡು–ನೋಡಿದ, ಆಡು–ಆಡಿದ, ಹಾಡು–ಹಾಡಿದ, ಹಾಗಾದರೆ ಕೊಡು–ಕೊಡಿದ! ವ್ಯಾಕರಣದ ಹೆಸರೇ ಕೇಳದ ಕೂಸು ಸೂತ್ರವೊಂದನ್ನು ಕಂಡುಕೊಂಡಿದೆ. 'ಹಾಗಲ್ಲ' ಎಂದು ಗದರಬೇಕಿಲ್ಲ. 'ಹೌದಾ ಪುಟ್ಟಿ, ಅಣ್ಣ ಕೊಟ್ಟನಾ? ಎಷ್ಟು ಕೊಟ್ಟ?' ಎಂದು ಮಾತು ಮುಂದುವರಿಸಿದರೆ ಸಾಕು. ಸರಿಯಾದ ರೂಪ ಕಿವಿಗೆ ಬಿತ್ತು, ಹೇಳುವ ಉತ್ಸಾಹವೂ ಉಳಿಯಿತು.

ಮಕ್ಕಳ ತಪ್ಪಿಗೂ ಒಂದು ತರ್ಕವಿದೆ ಎಂಬುದನ್ನು ಶಾಸ್ತ್ರವಾಗಿ ಬೆಳೆಸಿದವನು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ (1896–1980). ಯೌವನದಲ್ಲಿ ಪ್ಯಾರಿಸ್ಸಿನ ಮಕ್ಕಳಿಗೆ ಬುದ್ಧಿಪರೀಕ್ಷೆ ನಡೆಸುವ ಕೆಲಸ ಅವನ ಪಾಲಿಗೆ ಬಂತು. ಸರಿಯುತ್ತರಗಳನ್ನು ಎಣಿಸಬೇಕಾದವನ ಕಣ್ಣು ತಪ್ಪುತ್ತರಗಳ ಮೇಲೆ ನಿಂತಿತು. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯಲ್ಲಿ ತಪ್ಪುತ್ತಿದ್ದರು. ಮಗು ಎಂದರೆ ಕಡಿಮೆ ತಿಳಿದ ದೊಡ್ಡವನಲ್ಲ, ಬೇರೆ ರೀತಿಯಲ್ಲಿ ಯೋಚಿಸುವವನು ಎಂಬ ಅರಿವಿಗೆ ದಾರಿ ಅಲ್ಲಿ ತೆರೆಯಿತು.

ಅವನ ಹೆಸರಾಂತ ಪ್ರಯೋಗ ನಮ್ಮ ಅಡುಗೆಮನೆಯಲ್ಲಿ ದಿನವೂ ನಡೆಯುತ್ತದೆ. ಅಕ್ಕನಿಗೆ ಉದ್ದನೆಯ ಲೋಟದಲ್ಲಿ ಮಜ್ಜಿಗೆ, ತಮ್ಮನಿಗೆ ಅಗಲವಾದ ಬಟ್ಟಲಲ್ಲಿ. ಅಳತೆ ಒಂದೇ. ಆದರೂ ಐದರ ತಮ್ಮ 'ಅವಳಿಗೇ ಜಾಸ್ತಿ' ಎಂದು ಅಳುತ್ತಾನೆ. ಅವನದು ಹೊಟ್ಟೆಕಿಚ್ಚಲ್ಲ; ಎತ್ತರ ಕಂಡ ಕಣ್ಣಿಗೆ ಅಗಲವನ್ನೂ ಜೊತೆಗಿಟ್ಟು ತೂಗುವುದು ಇನ್ನೂ ಬಂದಿಲ್ಲ. ಏಳರ ಹೊತ್ತಿಗೆ ಸಾಮಾನ್ಯವಾಗಿ ಬರುತ್ತದೆ. 'ಎರಡೂ ಒಂದೇ ಕಣೋ' ಎಂದು ಹತ್ತು ಸಲ ಹೇಳಿದರೆ ಅದು ಬೇಗ ಬರುವುದಿಲ್ಲ. ಬಚ್ಚಲಲ್ಲಿ ಚೊಂಬು, ಲೋಟ, ಬಟ್ಟಲು ಕೊಟ್ಟು 'ಇದನ್ನ ಅದಕ್ಕೆ ಸುರಿದ್ರೆ ಎಲ್ಲಿವರೆಗೆ ಬರತ್ತೆ, ಹೇಳು' ಎಂದು ಕೇಳಿ ಸುಮ್ಮನಿರಬೇಕು. ಸುಮ್ಮನಿರುವುದೇ ಕಷ್ಟ.

ಹಾಗೆಂದು ಬೆಳಕಿಗಿಟ್ಟು ಮರೆತುಬಿಡಿ ಎಂದಲ್ಲ. ಅವರೆ ಬಳ್ಳಿಗೆ ಆಸರೆಯ ಕಡ್ಡಿ ಬೇಕು. ಪಿಯಾಜೆ ಹುಟ್ಟಿದ ವರ್ಷವೇ ಅಂದಿನ ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿ 1934ರಲ್ಲಿ ತೀರಿಕೊಂಡ ಮನೋವಿಜ್ಞಾನಿ ಲೆವ್ ವೈಗೋಟ್‌ಸ್ಕಿ ಒತ್ತಿ ಹೇಳಿದ್ದು ಇದನ್ನೇ: ಇಂದು ಇನ್ನೊಬ್ಬರ ನೆರವಿನಿಂದ ಮಾಡಿದ್ದನ್ನು ಮಗು ನಾಳೆ ಒಂಟಿಯಾಗಿ ಮಾಡುತ್ತದೆ. ಅಳಗುಳಿಮನೆಯ ಮುಂದೆ ಕೂತ ಅಜ್ಜಿ 'ಈ ಗುಳಿಯಿಂದ ಎತ್ತಿದ್ರೆ ಕಡೇ ಕಾಳು ಎಲ್ಲಿ ಬೀಳತ್ತೆ?' ಎನ್ನುತ್ತಾಳೆ. ಮೊದಮೊದಲು ಅಜ್ಜಿಯ ಬೆರಳು ಗುಳಿಯಿಂದ ಗುಳಿಗೆ ಎಣಿಸುತ್ತದೆ, ಆಮೇಲೆ ಮೊಮ್ಮಗಳ ಬೆರಳು, ಕೊನೆಗೆ ಬೆರಳಾಡದೆ ಕಣ್ಣಷ್ಟೇ ಓಡುತ್ತದೆ. ಎಣಿಕೆ ಒಳಗೆ ಇಳಿಯಿತು. ಕಡ್ಡಿ ತೆಗೆಯುವ ಹೊತ್ತು ಬಂತು.

ಇನ್ನು ಗಾದೆಯ ಉತ್ತರಾರ್ಧ. ಅದು 'ಬಗ್ಗದು' ಎಂದು ಬಾಗಿಲು ಹಾಕಿಲ್ಲ, 'ಬಗ್ಗೀತೆ?' ಎಂದು ಕೇಳಿ ನಿಲ್ಲಿಸಿದೆ. ಎಳವೆಯಲ್ಲಿ ಕಲಿಯದಿದ್ದರೆ ಎಲ್ಲ ಮುಗಿಯಿತೆಂದು ಮೂರು ವರ್ಷದ ಕೂಸಿಗೆ ಟ್ಯೂಷನ್ ಹುಡುಕುವವರು ಈ ಪ್ರಶ್ನೆಯನ್ನು ತೀರ್ಪೆಂದು ತಿಳಿದಿದ್ದಾರೆ. ಅದು ಕೇಳುತ್ತಿರುವುದು ಮಗುವನ್ನಲ್ಲ, ಮನೆಯಲ್ಲಿ ಆಗಲೇ ಮರವಾಗಿ ನಿಂತ ನಮ್ಮನ್ನು.

ರಾತ್ರಿ ಬಸ್ಸಿನ ಕಿಟಕಿಗೆ ಮುಖವಿಟ್ಟ ಮಗಳು ಕೇಳುತ್ತಾಳೆ: 'ಅಪ್ಪ, ಚಂದಮಾಮ ಯಾಕೆ ನಮ್ಮ ಜೊತೇಲೇ ಬರ್ತಿದಾನೆ?' 'ಸುಮ್ನೆ ಮಲಕ್ಕೋ' ಎನ್ನುವುದು ಸುಲಭ. ಮೊಬೈಲು ಜೇಬಿಗಿಟ್ಟು, ಬೆನ್ನು ಬಗ್ಗಿಸಿ, ಅವಳ ಕೆನ್ನೆಯ ಪಕ್ಕ ಕೆನ್ನೆಯಿಟ್ಟು ಅದೇ ಕಿಟಕಿಯಿಂದ ನೋಡಿ, 'ಹೌದಲ್ವಾ! ಎದುರಿಗೆ ಹೋಗ್ತಿರೋ ಬಸ್ಸಿನವರು ಏನಂತಾರೆ?' ಎನ್ನಬಹುದು.

ಮರವಾಗಿ ಬಗ್ಗೀತೆ?