ಬೆಳೆಯುತ್ತಾ, ಕ್ಷೀಣಿಸುತ್ತಾ

ಪಾಶ್ಚಾತ್ಯ ಸಂಗೀತದ ಸ್ವರಲಿಪಿಯಲ್ಲಿ ಸ್ವರಗಳ ಜೊತೆಗೆ ಕೆಲವು ಇಟಾಲಿಯನ್ ಪದಗಳೂ ಇರುತ್ತವೆ. ಗಾನವೃಂದದಲ್ಲಿ ಹಾಡುವವರು ಅವನ್ನು ಬರೀ ಸಂಕೇತಗಳೆಂದು ಭಾವಿಸುವುದುಂಟು. ಇಟಲಿಯ ಜನರಿಗಾದರೋ ಅವು ಮನೆಮಾತು. 17 ಮತ್ತು 18ನೇ ಶತಮಾನಗಳಲ್ಲಿ ಇಟಲಿಯ ಸಂಗೀತಗಾರರು ಯೂರೋಪಿನ ಅನೇಕ ಅರಮನೆ, ದೇವಾಲಯಗಳಲ್ಲಿ ಸೇವೆ ಸಲ್ಲಿಸಿದರು. ಅವರ ನುಡಿಯೇ ಸಂಗೀತದ ನುಡಿಯಾಯಿತು.

'ಲೆಗಾತೋ' ಎಂದರೆ ಕಟ್ಟಿದ್ದು; ಹಗ್ಗದಿಂದ ಬಿಗಿದ ಗಂಟಿಗೂ ಅದೇ ಪದ. 'ಸ್ತಕ್ಕಾತೋ' ಎಂದರೆ ಬೇರ್ಪಡಿಸಿದ್ದು. ಇವು ಭೂತಕೃದಂತಗಳು, ಇಲ್ಲಿ ಕ್ರಿಯೆ ಮುಗಿದಿದೆ. 'ಕ್ರೆಶೆಂದೋ' ಹಾಗಲ್ಲ. ಅದು ನಮ್ಮ 'ಬೆಳೆಯುತ್ತಾ' ಎಂಬ ರೂಪಕ್ಕೆ ಸಮಾನ. ತನ್ನ ಮಗು ಬೆಳೆಯುತ್ತಿದೆ ಎನ್ನಲು ಇಟಲಿಯ ತಾಯಿ ಬಳಸುವುದೂ ಇದೇ ಪದವನ್ನು. ಕ್ರೆಶೆಂದೋ ಎಂದರೆ ಗಟ್ಟಿ ಧ್ವನಿಯೆಂದೇ ಹಲವರ ತಿಳಿವಳಿಕೆ. ವಾಸ್ತವವಾಗಿ ಆ ಪದ ಕಂಡ ಸ್ಥಳದಲ್ಲಿ ಧ್ವನಿ ಇನ್ನೂ ಮೆಲ್ಲಗಿರಬೇಕು. ಆಗಲೇ ಗಟ್ಟಿಯಾಗಿದ್ದರೆ ಬೆಳೆಯಲು ಎಡೆಯೆಲ್ಲಿ?

ಹಾಗಾದರೆ ಮನುಷ್ಯನನ್ನು ನಾವು ಯಾವ ರೂಪದಲ್ಲಿ ಅರಿಯಬೇಕು? 'ಕೆಟ್ಟವನು', 'ಸೋತವಳು' ಎನ್ನುವಾಗ ನಾವು ಮುಗಿದ ಕ್ರಿಯೆಯನ್ನೇ ವ್ಯಕ್ತಿಯ ಹೆಸರಾಗಿಸುತ್ತೇವೆ. ಭೂತಕೃದಂತವೇ ಬೇಡವೆಂದು ಇದರ ಅರ್ಥವಲ್ಲ. ಕೊಟ್ಟ ಮಾತು ಕೊಟ್ಟದ್ದೇ, ಮಾಡಿದ ಅನ್ಯಾಯ ಮಾಡಿದ್ದೇ; ನೊಂದವರ ಮುಂದೆ ಅದನ್ನು ಅಳಿಸಿಹಾಕುವ ಅಧಿಕಾರ ನಮಗಿಲ್ಲ. ಆದರೆ ಮುಗಿದಿರುವುದು ಕೃತ್ಯ, ಕರ್ತೃವಲ್ಲ. ಕೃತ್ಯಕ್ಕೆ ಲೆಕ್ಕ ಕೇಳೋಣ. ವ್ಯಕ್ತಿಗೆ 'ಬೆಳೆಯುತ್ತಾ' ಎಂಬ ಅವಕಾಶವನ್ನು ಉಳಿಸೋಣ. ಪರೀಕ್ಷೆಯಲ್ಲಿ ಹಿಂದುಳಿದ ಮಗನ ವಿಷಯದಲ್ಲಿ ತಂದೆತಾಯಿಯರು ಮೊದಲು ಕಲಿಯಬೇಕಾದ ವ್ಯಾಕರಣವಿದು.

ಇನ್ನೊಂದು ಪದವಿದೆ: 'ಮೊರೆಂದೋ', ಅಂದರೆ 'ಸಾಯುತ್ತಾ'. ನಾದವು ಸ್ವಲ್ಪಸ್ವಲ್ಪವೇ ಕ್ಷೀಣಿಸಿ ಮೌನದಲ್ಲಿ ಲೀನವಾಗಬೇಕೆಂಬ ಸೂಚನೆಯದು. ಅಲ್ಲಿ ಪಿಟೀಲು ವಾದಕನು ಕಮಾನನ್ನು ಕೆಳಗಿಡುವುದಿಲ್ಲ. ಅತಿ ಮೆಲ್ಲನೆಯ ಸ್ವರವನ್ನು ಕದಲದಂತೆ ಹಿಡಿಯಲು ಅವನಿಗೆ ಹೆಚ್ಚಿನ ನಿಗಾ ಬೇಕು. ಕೇಳುವವರೂ ಉಸಿರು ಬಿಗಿಹಿಡಿದು ಕಿವಿಗೊಡಬೇಕು.

ಹಾಸಿಗೆ ಹಿಡಿದ ಹಿರಿಯರಿರುವ ಮನೆಗಳಲ್ಲಿ 'ಅವರದೆಲ್ಲಾ ಮುಗಿಯಿತು' ಎಂಬ ಮಾತು ಅವರ ಕಿವಿಗೇ ಬೀಳುವಂತೆ ಕೇಳಿಬರುತ್ತದೆ. ಮುಗಿದಿಲ್ಲ. 'ಸಾಯುತ್ತಾ' ಎಂಬುದೂ ಬದುಕಿರುವವರಿಗೆ ಮಾತ್ರ ಸಲ್ಲುವ ಕ್ರಿಯಾರೂಪ. ಅವರ ದನಿ ತಗ್ಗಿದೆ ಅಷ್ಟೆ. ನಾವು ಇನ್ನಷ್ಟು ಹತ್ತಿರ ಕುಳಿತು ಆಲಿಸಬೇಕು.